ಕರಗದ ಉಪ್ಪು

ಜುಲೈ 3, ಗುರುವಾರ

ಎರಡನೇ ಲೋಡ್ ಸ್ಪಿನ್‌ಗೆ ಹೋಗಿದೆ. ಮೊದಲನೆಯದು ಹಗ್ಗದ ಮೇಲೆ. ಮೋಡ ಕವಿದಿದೆ. ಒಣಗಿದರೆ ನನ್ನ ಪುಣ್ಯ.

ಮಷಿನ್ ಕೆಳಗಿಂದ ಮತ್ತೆ ಅದೇ ನೀರು. ಕಾಫಿ ಡಿಕಾಕ್ಷನ್ ಬಣ್ಣ. ಬೆರಳಲ್ಲಿ ಒರೆಸಿ ನೋಡಿದೆ — ತುಕ್ಕು. ಹೋದ ವಾರ ಸಣ್ಣ ಗೆರೆ ಇತ್ತು, ಇವತ್ತು ಅಂಗೈಯಗಲ. ಬಗ್ಗಿ ನೋಡಿದರೆ ಸ್ಟ್ಯಾಂಡಿನ ಹಿಂದಿನ ಎಡಗಾಲು ಕೆಂಪಗೆ ಪದರ ಪದರವಾಗಿ ಏಳುತ್ತಿದೆ. ಕೊಂಡು ಇನ್ನೂ ಎರಡು ವರ್ಷ ತುಂಬಿಲ್ಲ...

ಹಿಂದೆ ಏನಾಗಿದೆ ನೋಡೋಣ ಎಂದರೆ ಜಾಗವಿಲ್ಲ. ಶೀಟ್ ರೂಮ್ ಅಂತ ಹೆಸರು, ಮೂರನೇ ಮಹಡಿಯ ಮೇಲೆ ಟೆರೇಸಿನ ಮೂಲೆಗೆ ತಗಡು ಹೊದಿಸಿದ ಗೂಡು. ಮಷಿನ್ ಗೋಡೆಗೆ ಒತ್ತಿಕೊಂಡು ನಿಂತಿದೆ. ನೀರಿನ ಪೈಪ್ ಬರುವ ಸಂದಿನಲ್ಲಿ ನನ್ನ ದಪ್ಪ ಕೈ ಮೊಣಕೈವರೆಗೂ ತೂರುವುದಿಲ್ಲ.

ಬೊಮ್ಮನಹಳ್ಳಿ ಗಾರ್ಮೆಂಟ್ಸಿನ ಚೆಕಿಂಗ್ ಟೇಬಲ್ಲಿನಲ್ಲಿ ಕಲಿತದ್ದು ಒಂದೇ ಬುದ್ಧಿ. ಕಲೆ ಸಿಕ್ಕರೆ ಒರೆಸಿ ಸುಮ್ಮನೆ ಕೂರಬಾರದು. ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಬೇಕು — ಇಸ್ತ್ರಿ, ಹೊಲಿಗೆ, ಕಟಿಂಗ್, ಕೊನೆಗೆ ಬಟ್ಟೆಯ ಥಾನಿನವರೆಗೂ. ಇದಕ್ಕೂ ಹಾಗೇ ಹೋಗುತ್ತೇನೆ. ಬಿಡುವ ಮಾತೇ ಇಲ್ಲ. ಪಿಜಿ ಹುಡುಗಿಯರ ಬಟ್ಟೆ ಒಗೆದುಕೊಡುವ ಈ ಕೆಲಸ ಒಂದೇ ನನ್ನದು ಅಂತ ಇರುವುದು. ಮಷಿನ್ ಹೋದರೆ ಅದೂ ಹೋಯಿತು.

ಜುಲೈ 5, ಶನಿವಾರ

ಮೆಕ್ಯಾನಿಕ್ ಅಂಜನ್ ಬಂದಿದ್ದ. ಮೊಣಕಾಲೂರಿ ಟಾರ್ಚ್ ಬಿಟ್ಟು ನೋಡಿ ತೀರ್ಪು ಕೊಟ್ಟೇಬಿಟ್ಟ.

"ಅಕ್ಕ, ಬೋರ್ ನೀರು. ಹೂಡಿ, ಮಾರತ್ತಹಳ್ಳಿ ಕಡೆ ಎಲ್ಲಾ ಇದೇ ಕಂಪ್ಲೇಂಟು."

"ನೀರು ಹೋಗೋದು ಒಳಗೆ. ತುಕ್ಕು ಬಂದಿರೋದು ಹೊರಗೆ. ಅದು ಹೆಂಗಪ್ಪಾ?"

"ಒಳಗೂ ಇರುತ್ತೆ ಬಿಡಿ ಅಕ್ಕ."

ಮುಚ್ಚಳ ಎತ್ತಿ ತೋರಿಸಿದೆ. ಡ್ರಮ್ ಫಳಫಳ ಅನ್ನುತ್ತಿತ್ತು. ಅಂಜನ್ ತಲೆ ಕೆರೆದುಕೊಂಡ. ಮುಂದಕ್ಕೆ ಎಳೆದು ಹಿಂಭಾಗ ನೋಡೋಣ ಎಂದೆ. ಈ ಕಾಲಿನ ಮೇಲೆ ಎಳೆದರೆ ಅಲ್ಲೇ ಮುರಿಯುತ್ತದಂತೆ. ಹೊಸ ಸ್ಟ್ಯಾಂಡ್ ತಂದ ಮೇಲೆ ಎಳೆಯೋಣ ಎಂದ. ಈ ಅಳತೆಯದು ಅಂಗಡಿಯಲ್ಲಿ ಸ್ಟಾಕ್ ಇಲ್ಲವಂತೆ. ಅಲ್ಲಿಯವರೆಗೂ ಸೋಪಿನ ಪುಡಿ ಕಡಿಮೆ ಹಾಕಬೇಕಂತೆ!

ಸೋಪಿನ ಪುಡಿಗೂ ಸ್ಟ್ಯಾಂಡಿನ ಕಾಲಿಗೂ ಏನು ಸಂಬಂಧವೋ. ಕೈಗೆ ಸಿಗುವಷ್ಟು ಕಡೆ ಎಮರಿ ಪೇಪರ್ ಹಾಕಿ ಉಜ್ಜಿದೆ. ರೆಡ್ ಆಕ್ಸೈಡ್ ಬಳಿದೆ. ಉಗುರೆಲ್ಲ ಕೆಂಪು. ಹಿಂದಿನ ಕಾಲಿಗೆ ಮಾತ್ರ ಬ್ರಷ್ಷೂ ತಲುಪಲಿಲ್ಲ.

ಜುಲೈ 7, ಸೋಮವಾರ

ಒಂದು ಹುಡುಗಿಯ ಬಿಳಿ ದಿಂಬಿನ ಕವರ್ ಮಷಿನ್ ಪಕ್ಕ ನೆಲಕ್ಕೆ ಬಿದ್ದಿತ್ತು. ನೋಡುವಷ್ಟರಲ್ಲಿ ತುಕ್ಕಿನ ಕಲೆ. ಕೆಳಗೆ ಬಚ್ಚಲಲ್ಲಿ ಕೂತು ಉಜ್ಜುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಅಂಗ್ ಉಜ್ಜುದ್ರೆ ಓಯ್ತದಾ? ನಿಂಬೆಅಣ್ಣು ಇಂಡಿ ಕಲ್ಲುಪ್ಪು ಆಕಿ ಬಿಸಿಲ್ಗೆ ಆಕು."

ಹಾಕಿದೆ. ಹೋಯಿತು. ಥ್ಯಾಂಕ್ಸ್ ಹೇಳಲು ಬಾಯಿ ತೆಗೆದರೆ ಮುಗಿಯಿತು —

"ರಾಗಿ ಬೆಳೆದು ಊರ್ಗೆ ಅಳೀತಿದ್ದ ಮನೆ ಕಣೇ ಇದು. ಈಗ ಸೊಸೆ ಊರೋರ್ ಬಟ್ಟೆ ಒಗೀತಾವ್ಳೆ. ಆ ಮಿಷನ್ ಇರೋ ತಾವ ನಾನ್ ಕಾಲಿಕ್ಕಾಕಿಲ್ಲ ಅಂದ್ರೆ ಇಕ್ಕಾಕಿಲ್ಲ."

ಇಕ್ಕಬೇಡಿ ಬಿಡಿ. ಹೇಗೂ ಮಂಡಿ ಸವೆದಿದೆ, ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಅತ್ತೆಯ ಶಪಥಕ್ಕೆ ಡಾಕ್ಟರ್ ಚೀಟಿಯೇ ಸಾಕ್ಷಿ.

ಊಟಕ್ಕೆ ಕೂತಾಗ ಇವರು ಶುರು ಮಾಡಿದರು. "ನೋಡು ಜ್ಯೋತಿ, ದಸರಾವರೆಗೂ ನಡೆಸು. ಅಷ್ಟರಲ್ಲಿ ಮಷಿನ್ ಕೈ ಕೊಟ್ರೆ ಮತ್ತೆ ಹೊಸದು ಗಿಸದು ಬೇಡ. ಆ ಮೂಲೆಯಲ್ಲಿ ಒಂದು ಸಿಂಗಲ್ ರೂಮ್ ಎಬ್ಬಿಸ್ತೀನಿ. ಬಾಡಿಗೆಗೆ ಹುಡುಗ್ರು ಕೇಳ್ತಾನೇ ಇದಾರೆ."

ಕೆಟ್ಟವರಲ್ಲ ದೇವರಾಜ್. ಆದರೆ ಖಾಲಿ ಜಾಗ ಕಂಡರೆ ಇವರಿಗೆ ಗೋಡೆ ಕಾಣಿಸುತ್ತದೆ. ಅಲ್ಲಿ ಹಗ್ಗ ಕಟ್ಟಿ ಬಟ್ಟೆ ಹರವಿ ನಿಂತಾಗ ನನಗೆ ಎಷ್ಟು ಉಸಿರು ಬರುತ್ತದೆ ಅಂತ ಹೇಳಿದರೆ ನಗುತ್ತಾರೆ.

ಹಿಂದಿನ ರಸ್ತೆಯ ಪಿಜಿ ಓನರ್ ಸಿದ್ದರಾಜಣ್ಣ ಕೂಡ ದಸರಾ ಅಂತಲೇ ಹೇಳಿದ್ದು. ಆಯುಧ ಪೂಜೆ ದಿನದಿಂದ ಅವರ ಬಿಲ್ಡಿಂಗಿನ ಬೆಡ್‌ಶೀಟ್ ಎಲ್ಲ ನನಗೇ. "ಮಷಿನ್ ತಡಕೊಳ್ಳುತ್ತಾ ತೋರ್ಸಮ್ಮ ಮೊದಲು." ತೋರಿಸುತ್ತೇನೆ.

ಜುಲೈ 16, ಬುಧವಾರ

ಪಕ್ಕದ ಮನೆ ಶ್ಯಾಮಲಕ್ಕನ ಟೆರೇಸಿಗೆ ಹೋಗಿ ಅವಳ ಮಷಿನ್ ನೋಡಿ ಬಂದೆ. ಎರಡು ಮನೆಗೂ ಒಂದೇ ಬೋರ್. ಅವಳದು ನನ್ನದಕ್ಕಿಂತ ಹಳೆಯದು. ಬಾಗಿಲ ಸುತ್ತ ಬಿಳಿ ಕರೆ ಕಟ್ಟಿದೆ, ನೀರಿನ ಗಡಸು. ತುಕ್ಕು? ಹುಡುಕಿದರೂ ಇಲ್ಲ. ಅವಳದಕ್ಕೆ ಮೇಲೆ ತಗಡೂ ಇಲ್ಲ, ಬರೀ ಒಂದು ಪ್ಲಾಸ್ಟಿಕ್ ಹೊದಿಕೆ.

ಅಂದರೆ ನೀರಲ್ಲ. ಮಳೆಯೂ ಅಲ್ಲ. ಅಂಜನ್ ತೀರ್ಪು ವಜಾ.

"ನಿನ್ನ ಮಷಿನ್‌ಗೆ ಮಾತ್ರ ಯಾಕೆ ಹಿಂಗೆ?" ಅಂದಳು ಶ್ಯಾಮಲಕ್ಕ. "ಜನದ ಕಣ್ಣು ಕಣೇ. ದಿನಾ ಹುಡುಗೀರು ಮೂಟೆ ಹೊತ್ಕೊಂಡು ನಿಮ್ಮನೆಗೆ ಬರೋದನ್ನ ಇಡೀ ಬೀದಿ ನೋಡುತ್ತೆ."

ಕಣ್ಣು ಬಿದ್ದರೆ ಹಿಂದಿನ ಎಡಗಾಲಿಗೇ ಬೀಳುತ್ತದಾ? ಮುಖಕ್ಕೆ ಬೀಳಬೇಕಿತ್ತಲ್ಲ! ಇಬ್ಬರೂ ನಕ್ಕೆವು.

ಸ್ಟ್ಯಾಂಡಿಗಾಗಿ ಫೋನ್ ಮಾಡಿದೆ. ಅಂಜನ್: "ನಾಳೆ ಅಕ್ಕ." ಅವನ ನಾಳೆ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಜುಲೈ 24, ಗುರುವಾರ — ಭೀಮನ ಅಮಾವಾಸ್ಯೆ

ಬೆಳಿಗ್ಗೆ ಇವರ ಪಾದ ತೊಳೆದು ಪೂಜೆ ಮಾಡಿದೆ. ಅಕ್ಷತೆ ಹಾಕುವಾಗಲೂ ಇವರ ತಲೆಯಲ್ಲಿ ಆ ರೂಮಿನ ಅಳತೆಯೇ ಓಡುತ್ತಿತ್ತೇನೋ.

ಮಧ್ಯಾಹ್ನ ಒಣಗಿದ ಬಟ್ಟೆ ಕೊಟ್ಟು ಬರಲು ಪಿಜಿಗೆ ಹೋಗಿದ್ದೆ. ಬರುವಷ್ಟರಲ್ಲಿ ಮನೆ ಬಾಗಿಲು ಮುಂದಕ್ಕೆ ಎಳೆದಿತ್ತು, ಅತ್ತೆ ಇಲ್ಲ. ಆಮೇಲೆ ಬಂದರು. ಬೆವರು, ಏದುಸಿರು. ದೇವಸ್ಥಾನಕ್ಕಂತೆ. ಬೀದಿ ತುದಿಯ ದೇವಸ್ಥಾನಕ್ಕೆ ಹೋಗಿಬರುವುದಕ್ಕೆ ಇಷ್ಟು ಏದುಸಿರೇ? ಮಂಡಿಗೆ ಎಣ್ಣೆ ಹಚ್ಚಿಕೊಟ್ಟೆ. ಬೈಯದೆ ಹಚ್ಚಿಸಿಕೊಂಡರು. ಅದೇ ಆಶ್ಚರ್ಯ.

ಆಗಸ್ಟ್ 11, ಸೋಮವಾರ

ಬಿತ್ತು.

ಜೀನ್ಸ್ ಲೋಡ್. ಸ್ಪಿನ್ ಜೋರಾಗುತ್ತಿದ್ದ ಹಾಗೆ ಒಂದು ಸದ್ದು, ಒಣಗಿದ ಕಡ್ಡಿ ಮುರಿದ ಹಾಗೆ. ಮಷಿನ್ ಹಿಂದಕ್ಕೆ ವಾಲಿ ಗೋಡೆಗೆ ದಡಾರೆಂದು ಹೊಡೆಯಿತು. ಓಡಿಹೋಗಿ ಸ್ವಿಚ್ ಆರಿಸಿದೆ. ಕೆಳಗಿನ ಮನೆಯವರೆಲ್ಲ ಮೇಲೆ ಬಂದರು. ಇವರೂ ಬಂದರು. ಮಷಿನ್ ನೋಡಲಿಲ್ಲ, ಮೂಲೆ ನೋಡಿದರು.

"ಆಯ್ತಲ್ಲ, ಬಿಡು ಇನ್ನು."

"ದಸರಾ ಇನ್ನೂ ಬಂದಿಲ್ಲ," ಎಂದೆ.

ಎಲ್ಲ ಸೇರಿ ಮುಂದಕ್ಕೆ ಎಳೆದುಕೊಟ್ಟು ಇಳಿದು ಹೋದರು. ಮೊದಲ ಸಲ ಹಿಂಭಾಗ ನೋಡಿದೆ. ಅಯ್ಯೋ! ಮುಂದಿನಿಂದ ಮದುವೆ ಹೆಣ್ಣಿನ ಹಾಗಿರುವ ಮಷಿನ್ನಿನ ಬೆನ್ನು ಪೂರ್ತಿ ಹುಣ್ಣು. ನೀರಿನ ಪೈಪ್ ಸೇರುವಲ್ಲಿಂದ ಶುರುವಾಗಿ ಕೆಳಗಿನ ಮೂಲೆಯವರೆಗೂ ಬಣ್ಣ ಉಬ್ಬಿ ಒಡೆದು ಕೆಂಪಗೆ ಇಳಿದಿದೆ. ತಳದ ಮೂಲೆಯ ತಗಡು ಬೆರಳಿಗೆ ಹಪ್ಪಳದ ಹಾಗೆ ಪುಡಿಯಾಯಿತು. ಅದರ ನೇರ ಕೆಳಗೆ ಆ ಕಾಲು.

ಹಿಂದಕ್ಕೆ ಹೋಗು ಜ್ಯೋತಿ, ಎಲ್ಲಿಂದ ಬಂತು...

ಪೈಪಿನ ಬುಡದಲ್ಲಿ ಒಂದು ಕಪ್ಪು ಗಂಟು ನೇತಾಡುತ್ತಿತ್ತು. ಒದ್ದೆ. ಕೆಳಗೆ ಬಿಳಿ ಹರಳು ಕಟ್ಟಿದೆ. ಬಿಚ್ಚಿದೆ. ಕೊಳೆತ ಒಣಮೆಣಸಿನಕಾಯಿ, ಸಾಸಿವೆ, ಅರ್ಧ ನೀರಾದ ಬಿಳಿ ಗಟ್ಟಿ. ನಾಲಿಗೆಗೆ ಇಟ್ಟು ನೋಡಿದೆ. ಕಲ್ಲುಪ್ಪು.

ಈ ಮಳೆಗಾಲದ ಥಂಡಿಗೆ ಉಪ್ಪು ನೀರೊಡೆದು ಹನಿ ಹನಿಯಾಗಿ ಕಬ್ಬಿಣದ ಮೇಲೆ ಇಳಿದಿದೆ. ದಿನವೂ.

ಬಟ್ಟೆ ಅತ್ತೆಯ ಹಳೆಯ ಕಪ್ಪು ರವಿಕೆಯ ತೋಳು. ಹೊಲಿಗೆ ನೋಡಿದ ಕೂಡಲೇ ಗೊತ್ತಾಯಿತು. ಆ ರವಿಕೆ ಹೊಲಿದುಕೊಟ್ಟವಳು ನಾನೇ.

ಆಗಸ್ಟ್ 12, ಮಂಗಳವಾರ

ನಿದ್ದೆ ಇಲ್ಲ.

ಕಾಪಾಡು ಅಂತ ಕಟ್ಟುವವರು ಎದುರಿಗೆ ಕಟ್ಟುತ್ತಾರೆ. ಬಾಗಿಲಿಗೆ, ಅಂಗಡಿಗೆ, ಲಾರಿಯ ಮೂತಿಗೆ — ನಾಲ್ಕು ಜನಕ್ಕೆ ಕಾಣುವ ಹಾಗೆ. ಹಿಂದೆ, ಕತ್ತಲ ಸಂದಿನಲ್ಲಿ, ಯಾರಿಗೂ ಹೇಳದೆ ಕಟ್ಟುವುದು ಯಾತಕ್ಕೆ? ಹಾಳಾಗಲಿ ಅಂತ. ಅಷ್ಟೂ ತಿಳಿಯದಷ್ಟು ದಡ್ಡಿಯಲ್ಲ ನಾನು.

ಆ ಸಂದಿಗೆ ತೂರುವ ಕೈ ಈ ಮನೆಯಲ್ಲಿ ಒಂದೇ. ಬಳೆ ಜಾರುವಂಥ ಅತ್ತೆಯ ಸಣ್ಣ ಕೈ. ಮೆಟ್ಟಿಲು ಹತ್ತಲಾಗುವುದಿಲ್ಲ ಎಂದವರು ನನ್ನ ಅನ್ನಕ್ಕೆ ಕಲ್ಲು ಹಾಕಲು ಹತ್ತಿದರಾ?

ನಿನ್ನೆ ಮಷಿನ್ ಬಿತ್ತು ಅಂತ ಕೇಳಿದಾಗ ಅತ್ತೆ ಮುಖ ತಿರುಗಿಸಿದರು. ತಟ್ಟೆ ಬಿಟ್ಟು ಎದ್ದರು. ಕಳ್ಳರ ಮುಖ ಹಾಗೇ ಇರುತ್ತದೆ. ಆರು ವರ್ಷ ಅಮ್ಮನಿಗಿಂತ ಹೆಚ್ಚಾಗಿ ನೋಡಿಕೊಂಡೆ... ಕಾಲಿಗೆ ಎಣ್ಣೆ ಹಚ್ಚಿದ ಕೈ ಇದು. ಅಳು ಬಂತು. ಅತ್ತೆ ಕಾಣದ ಹಾಗೆ ಅತ್ತೆ.

ಇವರಿಗೆ ಹೇಳಿದರೆ ತಾಯಿ-ಮಗ ಜಗಳ, ಕೊನೆಗೆ ಅದರ ನೆಪದಲ್ಲಿ ಮೂಲೆ ರೂಮಾಗುತ್ತದೆ. ಹೇಳುವುದಿಲ್ಲ. ಗಂಟು ತೆಗೆದು ಎಸೆದೆ. ಮತ್ತೆ ಕಟ್ಟಲು ಬಂದೇ ಬರುತ್ತಾರೆ. ಅಮಾವಾಸ್ಯೆಗೆ. ಭೀಮನ ಅಮಾವಾಸ್ಯೆಯ ಏದುಸಿರು ಈಗ ಅರ್ಥವಾಗುತ್ತಿದೆ. ಕೈ ಹಿಡಿದು ಕೇಳುತ್ತೇನೆ.

ಆಗಸ್ಟ್ 14, ಗುರುವಾರ

ಮೊದಲು ಮಷಿನ್, ಆಮೇಲೆ ಜಗಳ.

ಅಂಜನ್‌ನ ನಾಳೆ ಕೊನೆಗೂ ಬಂತು — ಹೊಸ ಸ್ಟ್ಯಾಂಡ್ ತಂದ. ಮೋಟಾರ್ ಒಳ್ಳೆಯದಿದೆಯಂತೆ, ಡ್ರಮ್ಮೂ. "ಬೆನ್ನು ಮಾತ್ರ ಹೋಗಿದೆ ಅಕ್ಕ." ಗ್ರಿಲ್ ಅಂಗಡಿಯವರನ್ನು ಕರೆಸಿದೆ. ಕೊಳೆತ ಮೂಲೆ ಕತ್ತರಿಸಿ ಹೊಸ ತಗಡಿನ ತುಂಡು ಕೂರಿಸಿದರು. ಬೆನ್ನನ್ನು ನಾನೇ ಉಜ್ಜಿದೆ, ಬಿಳಿ ಕಬ್ಬಿಣ ಕಾಣುವವರೆಗೂ. ಎರಡು ಕೋಟ್ ರೆಡ್ ಆಕ್ಸೈಡ್, ಮೇಲೊಂದು ಪೇಂಟು. ಗೋಡೆಯಿಂದ ಒಂದು ಗೇಣು ಮುಂದಕ್ಕೆ ನಿಲ್ಲಿಸಿದೆ. ಇನ್ನು ನನ್ನ ದಪ್ಪ ಕೈಯೂ ಹೋಗುತ್ತದೆ.

ಖಾಲಿ ಡ್ರಮ್ಮಿನಲ್ಲಿ ಸ್ಪಿನ್ ಹಾಕಿದೆ. ಅಲುಗಾಡಲಿಲ್ಲ.

ಇವರು ಬಂದು ನೋಡಿ, "ಹಠ ಕಣೇ ನಿಂದು," ಎಂದರು. ಹೌದು, ಹಠವೇ.

ಆಗಸ್ಟ್ 23, ಶನಿವಾರ — ಅಮಾವಾಸ್ಯೆ

ಪಿಜಿಗೆ ಹೋಗಿಬರುತ್ತೇನೆ ಅಂತ ಗಟ್ಟಿಯಾಗಿ ಹೇಳಿ, ಗೇಟು ಸದ್ದು ಮಾಡಿ, ಹಿಂದಿನ ಮೆಟ್ಟಿಲಿಂದ ಟೆರೇಸಿಗೆ ಬಂದೆ. ಹರವಿದ ಬೆಡ್‌ಶೀಟುಗಳ ಹಿಂದೆ ನಿಂತೆ. ಹೇಳಬೇಕಾದ ಮಾತೆಲ್ಲ ಜೋಡಿಸಿಕೊಂಡಿದ್ದೆ. ಒಂದೊಂದೂ ಚೂರಿ.

ಬಂದರು. ಮೊದಲು ಸದ್ದು — ಒಂದು ಮೆಟ್ಟಿಲು, ನಿಲ್ಲುವುದು, ಇನ್ನೊಂದು ಮೆಟ್ಟಿಲು, "ಅಪ್ಪಾ" ಅನ್ನುವುದು. ಕೊನೆಯ ತಿರುವಿನಲ್ಲಿ ಕೂತೇಬಿಟ್ಟರು. ಎಷ್ಟು ಹೊತ್ತು ಕೂತರೋ. ಆಮೇಲೆ ಕೈಯೂರಿ, ಮಗು ಹತ್ತುವ ಹಾಗೆ ಹತ್ತಿದರು. ನೋಡುತ್ತಿದ್ದ ಹಾಗೆ ನನ್ನ ಮಾತುಗಳ ಜೋಡಣೆ ಅಲ್ಲೇ ಸಡಿಲವಾಯಿತು.

ಸೆರಗಿನಿಂದ ಗಂಟು ತೆಗೆದರು. ಮಷಿನ್ನಿಗೆ ಮೂರು ಸಲ ನಿವಾಳಿಸಿದರು. ಹಿಂದೆ ಕೈ ಹಾಕಿ ತಡಕಿದರು.

"ಗಂಟೇ ಇಲ್ವಲ್ಲಾ... ಬಟ್ಟೆ ಸಮೇತ ಕರ್ಗೋಯ್ತಾ? ಅಪ್ಪಾ, ಏಟ್ ಬಿರ್ಸು ಕಣ್ಣೋ ಇದು. ಓದ್ ಸಲಕ್ಕಿಂತ ಜಾಸ್ತಿ ಕಟ್ಟಿದ್ನಲ್ಲಾ."

ಆಗ ತಿಳಿಯಿತು. ಉಪ್ಪು ಕರಗಿದಷ್ಟೂ ದೃಷ್ಟಿ ಕರಗಿತು ಅಂತ ಲೆಕ್ಕ. ಮಳೆಗಾಲದಲ್ಲಿ ಬೇಗ ಕರಗಿದ್ದು ನೋಡಿ ಕಣ್ಣು ಜೋರಾಗಿದೆ ಅಂತ ಹೆದರಿದ್ದಾರೆ. ಹೆದರಿದಷ್ಟೂ ಗಂಟು ದೊಡ್ಡದು ಮಾಡಿದ್ದಾರೆ.

ಪೈಪಿಗೆ ಕಟ್ಟುತ್ತಾ ಗೊಣಗುತ್ತಿದ್ದರು. "ಬೀದಿ ಕಣ್ಣು ಓಗ್ಲಿ. ಮೇಲ್ಮನೆ ಕೆಳ್ಮನೆ ಕಣ್ಣು ಓಗ್ಲಿ. ಬಂದೋರ್ ಕಣ್ಣು, ನಿಂತು ನೋಡ್ದೋರ್ ಕಣ್ಣು ಓಗ್ಲಿ." ಆಮೇಲೆ ಮುಚ್ಚಳದ ಮೇಲೆ ಅಂಗೈಯಿಟ್ಟು, "ನನ್ ಕಣ್ಣೂ ಬಿದ್ದೈತೇನೋ. ನನ್ ಬಾಯೂ ಸುಮ್ಕಿರ್ನಿಲ್ಲ. ಅದೂ ಓಗ್ಲಿ. ಬೀಳ್ಬ್ಯಾಡ ಕಣಪ್ಪಾ ಇನ್ನೊಂದಪ. ಆ ಉಡ್ಗಿ ಊಟ ಬುಟ್ಟವ್ಳೆ."

ಊಟ ಬಿಟ್ಟು ಎದ್ದವರು ತಾವು. ನನ್ನ ತಟ್ಟೆಯನ್ನೂ ನೋಡಿದ್ದರಾ?

ಬೆಡ್‌ಶೀಟ್ ಬಾಯಿಗೆ ಒತ್ತಿಕೊಂಡು ನಿಂತೆ. ಅವರು ಇಳಿದುಹೋಗುವವರೆಗೂ, ಕೆಳಗಿನ ಬಾಗಿಲಿನ ಸದ್ದು ಬರುವವರೆಗೂ ಕದಲಲಿಲ್ಲ.

ಆಗಸ್ಟ್ 24, ಭಾನುವಾರ

ಹಿಂದೆ ಕಟ್ಟಿದ್ದು ಕೆಡುಕಿಗಲ್ಲ. ನಾಚಿಕೆಗೆ. ಕಾಲಿಕ್ಕುವುದಿಲ್ಲ ಅಂತ ಊರಿಗೇ ಕೇಳುವ ಹಾಗೆ ಹೇಳಿಬಿಟ್ಟಿದ್ದರು, ಹೇಗೆ ಎದುರಿಗೆ ಕಟ್ಟುತ್ತಾರೆ? ನಾನೇನೋ ಚೆಕಿಂಗ್‌ನಲ್ಲಿ ಹೆಸರು ಮಾಡಿದವಳು. ಕಲೆ ಎಲ್ಲಿಂದ ಬಂತು ಅಂತ ಹುಡುಕಿದೆ. ಆ ಕೈ ಯಾಕೆ ಬಂತು ಅಂತ ಹುಡುಕಲಿಲ್ಲ.

ದಿಂಬಿನ ಕವರಿನ ತುಕ್ಕು ತೆಗೆದದ್ದೂ ಅದೇ ಜಾಡಿಯ ಉಪ್ಪು. ಮಷಿನ್ನನ್ನು ತಿಂದದ್ದೂ ಅದೇ ಜಾಡಿಯ ಉಪ್ಪು.

ಹೇಳಲಾ? "ಅತ್ತೆ, ಮಷಿನ್ ಬೀಳಿಸಿದ್ದು ನಿಮ್ಮ ಉಪ್ಪು." ಆ ಮುಖಕ್ಕೆ ಈ ಮಾತು ಹೇಳಲು ನನ್ನಿಂದ ಆಗುವುದಿಲ್ಲ. ತನ್ನ ಕಣ್ಣು ಬಿತ್ತು ಅಂತ ಆಗಲೇ ಒಳಗೊಳಗೆ ಸಾಯುತ್ತಿದ್ದಾರೆ. ಬೀಳಿಸಿದ್ದು ಕೈಯೂ ಅಂತ ಗೊತ್ತಾದರೆ ಮತ್ತೆ ನನ್ನ ಮುಖ ನೋಡುವುದಿಲ್ಲ.

ಹಾಗಂತ ಉಪ್ಪು ಅಲ್ಲೇ ಇರಲೂ ಬಿಡುವುದಿಲ್ಲ. ಇನ್ನೊಂದು ಮೂಲೆ ಕೊಳೆತರೆ ದಸರಾ ಕಾಣುವುದಿಲ್ಲ ನಾನು.

ಯೋಚಿಸಿದೆ. ಗಂಟು ಬಿಚ್ಚಿ, ಉಪ್ಪನ್ನು ಬಾಣಲೆಯಲ್ಲಿ ಹುರಿದು ಒಣಗಿಸಿದೆ. ಹಾಲಿನ ಕವರ್ ತೊಳೆದು ಒರೆಸಿ — ಮೂಲೆ ಹಲ್ಲಲ್ಲಿ ಹರಿದದ್ದು, ನನ್ನ ಕೆಟ್ಟ ಅಭ್ಯಾಸ — ಅದರೊಳಗೆ ಸುರಿದು ಬಾಯಿ ಮಡಚಿ ಬಿಗಿದೆ. ಮೇಲೆ ಅದೇ ಕಪ್ಪು ಬಟ್ಟೆ. ಪೈಪಿಗೆ ಅಲ್ಲ, ಗೋಡೆಗೆ ಮೊಳೆ ಹೊಡೆದು ಅದಕ್ಕೆ ನೇತುಹಾಕಿದೆ. ಕಬ್ಬಿಣಕ್ಕೆ ತಾಗದ ಹಾಗೆ. ಪೈಪಿನ ಪಕ್ಕದಲ್ಲೇ ಮೊಳೆ. ತಡಕಿದರೆ ಕೈಗೆ ಸಿಗುತ್ತದೆ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಕವರ್ ತೆಗೆದುಬಿಡುತ್ತೇನೆ. ಉಪ್ಪು ಗರಿಗರಿಯಾಗಿ ಇರುತ್ತದೆ. ಕರಗಲಿಲ್ಲ ಅಂದರೆ ಕಣ್ಣು ಹೋಯಿತು ಅಂತ. ಅವರ ಲೆಕ್ಕದಲ್ಲೇ ಅವರಿಗೆ ನೆಮ್ಮದಿ, ನನ್ನ ಮಷಿನ್ನಿಗೂ ನೆಮ್ಮದಿ.

ಸೆಪ್ಟೆಂಬರ್ 21, ಭಾನುವಾರ — ಮಹಾಲಯ ಅಮಾವಾಸ್ಯೆ

ತಿಂಗಳಿಡೀ ಬರೆಯಲು ಪುರುಸೊತ್ತಿಲ್ಲ. ಲೋಡ್ ಮೇಲೆ ಲೋಡ್. ಬೆನ್ನಿಗೆ ಒಂದು ಚುಕ್ಕೆ ತುಕ್ಕು ಬಂದಿಲ್ಲ. ದಿನವೂ ಕೈ ಹಾಕಿ ಸವರಿ ನೋಡುತ್ತೇನೆ.

ಬೆಳಿಗ್ಗೆ ಎಡೆ ಇಡುವ ಗಡಿಬಿಡಿಯ ನಡುವೆಯೇ ಮೇಲೆ ಹೋಗಿ ಕವರ್ ತೆಗೆದೆ. ಉಪ್ಪು ಅಂಗಡಿಯಿಂದ ಈಗ ತಂದ ಹಾಗಿತ್ತು. ಬಟ್ಟೆಯಲ್ಲಿ ಮತ್ತೆ ಕಟ್ಟಿ, ಬೇಕೆಂದೇ ಶ್ಯಾಮಲಕ್ಕನ ಮನೆಗೆ ಹೋಗಿ ಕೂತೆ. ಅವಳ ಮಾತು ಒಂದೂ ಕಿವಿಗೆ ಬೀಳಲಿಲ್ಲ. ಕಿವಿಯೆಲ್ಲ ನಮ್ಮ ಮೆಟ್ಟಿಲ ಕಡೆ.

ಸಂಜೆ ಅತ್ತೆ ಹಜಾರದಲ್ಲಿ ಕೂತಿದ್ದರು. ಇವರು ಮೇಸ್ತ್ರಿ ಜೊತೆ ಫೋನಿನಲ್ಲಿ ಇಟ್ಟಿಗೆ ಮಾತಾಡುತ್ತಿದ್ದರು. ಅತ್ತೆ ಕೇಳಿಸಿಕೊಂಡು, ಕಡ್ಡಿ ಮುರಿದ ಹಾಗೆ —

"ಆ ಮೂಲೆ ಬುಟ್ಬುಡ್ಲಾ ದೇವರಾಜ."

"ಯಾಕಮ್ಮ?"

"ಸೊಸೆ ಬಟ್ಟೆ ಒಣಗ್ಸಾಕೆ ಜಾಗ ಬ್ಯಾಡ್ವಾ? ಇಷ್ಟ್ ದಪ್ಪ ಮನೆ ಕಟ್ಟಿದ್ದೀಯ, ಇನ್ನೂ ಸಾಲ್ದಾ ನಿಂಗೆ?"

ಇವರು ಫೋನ್ ಇಟ್ಟರು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ಹಾಗೇ ನಿಂತೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಸಾರು ಸೀಯ್ತಾ ಐತೆ," ಎಂದರು. ಸೀಯುತ್ತಿತ್ತು.

ನನ್ನ ಉಪಾಯ ಕೆಲಸ ಮಾಡಿದೆ! ಖುಷಿಗೆ ಕುಣಿಯಬೇಕು ಅನ್ನಿಸುತ್ತಿದೆ. ಒಂದೇ ಎಡವಟ್ಟು — ತೆಗೆದ ಹಾಲಿನ ಕವರ್ ಶೀಟ್ ರೂಮಿನ ಕಿಟಕಿಯ ಮೇಲೆ ಇಟ್ಟು ಮರೆತಿದ್ದೆ. ಈಗ ಹೋಗಿ ನೋಡಿದರೆ ಇಲ್ಲ. ಗಾಳಿಗೆ ಹಾರಿಹೋಯಿತೇನೋ.

ಅಕ್ಟೋಬರ್ 1, ಬುಧವಾರ — ಆಯುಧ ಪೂಜೆ

ಅತ್ತೆ ಎಲ್ಲರೆದುರಿಗೆ ಮೇಲೆ ಬಂದರು. ಇವರು ಒಂದು ಕೈ ಹಿಡಿದಿದ್ದರು, ನಾನು ಒಂದು.

"ಕಾಲಿಕ್ಕಾಕಿಲ್ಲ ಅಂದಿದ್ರಲ್ಲ ಅತ್ತೆ?"

"ಪೂಜೆಗೆ ಬಂದಿವ್ನಿ. ನಿನ್ ಮಿಷನ್ ನೋಡಾಕಲ್ಲ."

ಮಷಿನ್ನಿಗೆ ವಿಭೂತಿ ಪಟ್ಟೆ, ಕುಂಕುಮ, ಚೆಂಡುಹೂವಿನ ಹಾರ. ಕುಂಕುಮ ಹಚ್ಚಿದ ನಿಂಬೆಹೋಳು ಮುಚ್ಚಳದ ಮೇಲಿಡಲು ಇವರು ಹೊರಟರು. ನಾನು ಬಾಯಿ ಬಿಡುವ ಮೊದಲೇ ಅತ್ತೆ ತಡೆದರು. "ಕೆಳೀಕ್ ಇಡ್ಲಾ. ಉಳಿ ಬಿದ್ರೆ ಬಣ್ಣ ಓಗಾಕಿಲ್ವಾ?" ಅದು ಹೇಗೆ ಹೊಳೆಯಿತೋ ಅವರಿಗೆ. ಪೂಜೆಗೆ ಏನೇ ತಂದರೂ ಮೇಲೆಯೇ ಸುರಿಯುವವರು!

ಮಧ್ಯಾಹ್ನಕ್ಕೆ ಸಿದ್ದರಾಜಣ್ಣನ ಆಟೋ ಬಂತು. ಬೆಡ್‌ಶೀಟಿನ ಮೂಟೆಗಳು. ಮೊದಲ ಲೋಡ್ ಹಾಕಿದೆ. ಸ್ಪಿನ್‌ನಲ್ಲಿ ಚೆಂಡುಹೂವಿನ ಹಾರ ಸಣ್ಣಗೆ ನಡುಗುತ್ತಿತ್ತು, ಅಷ್ಟೇ. ಇವರು ನೋಡುತ್ತಾ ನಿಂತಿದ್ದರು. "ಇನ್ನೊಂದು ಹಗ್ಗ ಕಟ್ಕೊಡ್ಲಾ?" ಎಂದರು. ಕಟ್ಟಿಕೊಟ್ಟರು.

ಅಕ್ಟೋಬರ್ 21, ಮಂಗಳವಾರ — ದೀಪಾವಳಿ ಅಮಾವಾಸ್ಯೆ

ಹಬ್ಬಕ್ಕೆ ಹುಡುಗಿಯರೆಲ್ಲ ಊರಿಗೆ ಹೋಗಿದ್ದಾರೆ. ಬೆಡ್‌ಶೀಟ್ ಮಾತ್ರ. ಎರಡು ಲೋಡ್ ಮುಗಿಸಿ, ಒಣಗಿದ್ದನ್ನು ಪಿಜಿಗೆ ಕೊಟ್ಟು ಬಂದೆ. ಹೋದ ಸಲ ಅತ್ತೆ ಕಟ್ಟಿದ ಗಂಟಿಗೂ ಮರುದಿನ ಒಂದು ಸಕ್ಕರೆ ಕವರ್ ಹಾಕಿ ಮೊಳೆಗೆ ತೂಗಿದ್ದೆ; ಬೆಳಿಗ್ಗೆ ಅದನ್ನು ತೆಗೆಯಲು ಮೇಲೆ ಬರಬೇಕಿತ್ತು. ಕಜ್ಜಾಯದ ಗಲಾಟೆಯಲ್ಲಿ ಮರೆತೇಹೋಯಿತು. ಪಿಜಿಯಿಂದ ಬಂದ ಮೇಲೆ ನೆನಪಾಯಿತು. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದೆ.

ಅಷ್ಟರಲ್ಲೇ ಅತ್ತೆ ಬಂದುಹೋಗಿದ್ದಾರೆ. ಹಳೆಯ ಗಂಟು ಇಲ್ಲ. ಹೊಸದು ತೂಗುತ್ತಿದೆ. ಪೈಪಿಗಲ್ಲ, ನಾನು ಹೊಡೆದ ಮೊಳೆಗೆ.

ಮುಟ್ಟಿದರೆ ಒಳಗೆ ಚರಪರ ಅಂದಿತು. ಬಿಚ್ಚಿದೆ. ಕಪ್ಪು ಬಟ್ಟೆಯೊಳಗೆ ಹಾಲಿನ ಕವರ್. ಇದು ನಾನು ಹಾಕಿದ್ದಲ್ಲ. ತೊಳೆದು, ನೀರಿನ ಹನಿಯೂ ಇರದ ಹಾಗೆ ಒಣಗಿಸಿ, ಬಾಯಿ ಎರಡು ಮಡಿಕೆ ಮಡಚಿ ದಾರ ಸುತ್ತಿದ್ದಾರೆ. ಉಪ್ಪು ಹುರಿದದ್ದು, ಬಣ್ಣ ನೋಡಿದರೇ ಗೊತ್ತಾಗುತ್ತದೆ. ಕವರಿನ ಮೂಲೆ ಹಲ್ಲಲ್ಲಿ ಹರಿದದ್ದು.

ಗಾಳಿಗೆ ಹಾರಿರಲಿಲ್ಲ ಅದು.

ಅಂದರೆ ಅವತ್ತೇ ಗೊತ್ತಾಗಿದೆ. ಕಿಟಕಿಯ ಮೇಲೆ ಉಪ್ಪಿನ ಹರಳು ಅಂಟಿದ ಕವರ್, ಗೋಡೆಗೆ ಹೊಸ ಮೊಳೆ, ಮಷಿನ್ ಬೆನ್ನಿಗೆ ಹೊಸ ತಗಡು. ಎಲ್ಲ ನೋಡಿ, ಎಲ್ಲ ತಿಳಿದು, ಯಾವ ಉಪ್ಪು ಏನು ಮಾಡಿತು ಅಂತ ಪೂರ್ತಿ ತಿಳಿದು, ಆ ಮೆಟ್ಟಿಲುಗಳನ್ನು ಒಬ್ಬರೇ ಇಳಿದು ಬಂದು, ಸಂಜೆ ಮಗನಿಗೆ ಮೂಲೆ ಬಿಡು ಎಂದಿದ್ದಾರೆ. ನಾನು ಅಡುಗೆಮನೆಯಲ್ಲಿ ನನ್ನ ಬುದ್ಧಿವಂತಿಕೆಗೆ ನಾನೇ ಬೀಗುತ್ತಿದ್ದೆ.

ಅಳುತ್ತಿದ್ದೇನೆ. ನಗುವೂ ಬರುತ್ತಿದೆ. ಬರೆದದ್ದು ಒದ್ದೆಯಾಗುತ್ತಿದೆ.

ಗಂಟು ಇದ್ದ ಹಾಗೇ ಕಟ್ಟಿ ಮೊಳೆಗೆ ಹಾಕಿದೆ. ಅತ್ತೆ ಕೆಳಗಿನಿಂದ ಕೂಗುತ್ತಿದ್ದಾರೆ — "ಜ್ಯೋತೀ, ದೀಪ ಅಚ್ಚೋ ಒತ್ತಾಯ್ತು ಬಾರೇ!" ಹೋಗಬೇಕು. ಏನು ಹೇಳಲಿ? ಏನೂ ಹೇಳುವುದಿಲ್ಲ. ಬರುವ ಅಮಾವಾಸ್ಯೆಗೆ ಮಾತ್ರ ಅವರನ್ನು ಒಬ್ಬರೇ ಹತ್ತಲು ಬಿಡುವುದಿಲ್ಲ. ಉಪ್ಪು ನಾನೇ ಹುರಿದು, ಕವರ್ ನಾನೇ ತೊಳೆದು, ಕೆಳಗಿನ ಮೆಟ್ಟಿಲ ಹತ್ತಿರ ನಿಂತು, ಕೈ ಕೊಡಿ ಅತ್ತೆ, ಅಂತ... ಮತ್ತೆ ಕೂಗುತ್ತಿದ್ದಾರೆ.